08187ರೊಳಗೆ ಏನಿದೆ?

ಶಿಕಾರಿಪುರದ ಸ್ಥಿರ ದೂರವಾಣಿಯ ಕೋಡ್ 08187, ಸೊರಬದ್ದು 08184. ಇವನ್ನು ಎಸ್.ಟಿ.ಡಿ. ಕೋಡ್ ಎಂದು ಕರೆಯುವುದು ನಮಗೆಲ್ಲ ರೂಢಿ. ಎಸ್.ಟಿ.ಡಿ. ಎಂದರೆ ‘ಸಬ್‌ಸ್ಕ್ರೈಬರ್ ಟ್ರಂಕ್ ಡಯಲಿಂಗ್’ ಎಂದು ವಿದ್ಯಾರ್ಥಿಗಳು ಬಾಯಿಪಾಠ ಒಪ್ಪಿಸುತ್ತಾರೆ. ಇದರಲ್ಲಿ ‘ಟ್ರಂಕ್’ ಯಾವುದು ಎಂದು ಕೇಳಿ ನೋಡಿ, ತರಗತಿ ಸುಮ್ಮನಾಗುತ್ತದೆ. ಅದು ತಗಡಿನ ಪೆಟ್ಟಿಗೆಯಲ್ಲ, ಆನೆಯ ಸೊಂಡಿಲೂ ಅಲ್ಲ, ಮರದ ಕಾಂಡ. ಈ ಕಾಂಡವನ್ನು ಹಿಡಿದು ಹೊರಟರೆ ಇಂದಿನ ಕಂಪ್ಯೂಟರ್ ಜಾಲದ ಎಷ್ಟೋ ಪದಗಳು ತಾವಾಗಿಯೇ ಅರ್ಥವಾಗುತ್ತವೆ.

ಒಂದು ಊರಿನಲ್ಲಿ 100 ಮನೆಗಳಿವೆ ಎನ್ನಿ. ಪ್ರತಿ ಮನೆಯಿಂದ ಉಳಿದ ಪ್ರತಿ ಮನೆಗೂ ತಂತಿ ಎಳೆಯಲು 4950 ಜೋಡಿ ತಂತಿ ಬೇಕು. ಎಲ್ಲ ತಂತಿಗಳನ್ನೂ ಒಂದೇ ಕಟ್ಟಡಕ್ಕೆ ತಂದರೆ 100 ಜೋಡಿ ಸಾಕು. ಆ ಕಟ್ಟಡವೇ ಎಕ್ಸ್‌ಚೇಂಜ್, ಅಂದರೆ ವಿನಿಮಯ ಕೇಂದ್ರ. ಅಲ್ಲಿ ಬೇಕಾದ ಎರಡು ಜೋಡಿಗಳನ್ನು ಕೂಡಿಸುವ ಸಾಧನ ಸ್ವಿಚ್. ಮನೆಯಿಂದ ಕೇಂದ್ರಕ್ಕೆ ಹೋಗುವ ಜೋಡಿ ‘ಲೋಕಲ್ ಲೂಪ್’. ಒಂದು ಊರಿನ ಕೇಂದ್ರದಿಂದ ಇನ್ನೊಂದು ಊರಿನ ಕೇಂದ್ರಕ್ಕೆ ಹೋಗುವ, ಯಾರೊಬ್ಬರಿಗೂ ಸೇರದ, ಎಲ್ಲರೂ ಸರದಿಯಲ್ಲಿ ಬಳಸುವ ಮಾರ್ಗವೇ ಟ್ರಂಕ್.

ಮೊದಲು ಈ ಟ್ರಂಕ್ ಚಂದಾದಾರರ ಕೈಗೆ ಎಟುಕುತ್ತಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳು ಹಿರಿಯ ಓದುಗರಿಗೆ ನೆನಪಿರಬಹುದು. ಆಪರೇಟರ್ ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ವಹಿಸಿದವನು ಅಮೆರಿಕದ ಆಲ್ಮನ್ ಸ್ಟ್ರೌಜರ್. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ವೃತ್ತಿಯಿಂದ ಆತ ಶವಸಂಸ್ಕಾರದ ವ್ಯವಸ್ಥೆ ಮಾಡುವವನು! ಅವನ ಯಂತ್ರದಲ್ಲಿ ತಿರುಗಿಸಿದ ಪ್ರತಿ ಅಂಕಿಯೂ ಒಂದು ಸ್ವಿಚ್ಚನ್ನು ಅಷ್ಟೇ ಹೆಜ್ಜೆ ಮುಂದಕ್ಕೆ ಸರಿಸುತ್ತಿತ್ತು. ಸಂಖ್ಯೆ ಎಂಬುದು ಹೆಸರಾಗಿರಲಿಲ್ಲ, ದಾರಿ ಹೇಳುವ ಸೂಚನೆಯಾಗಿತ್ತು. ಭಾರತದಲ್ಲಿ ಚಂದಾದಾರರೇ ನೇರವಾಗಿ ಟ್ರಂಕ್ ಬಳಸುವ ಸೌಲಭ್ಯ 1960ರಲ್ಲಿ ಕಾನ್ಪುರ–ಲಖನೌ ನಡುವೆ ಮೊದಲಾಯಿತು.

ಈಗ 08187ನ್ನು ಬಿಡಿಸಿ. ಮೊದಲ ಸೊನ್ನೆ ‘ನಾನು ಟ್ರಂಕಿಗೆ ಹೊರಟೆ’ ಎಂಬ ಸೂಚನೆ. ನಂತರದ 8 ಕರ್ನಾಟಕ, ಆಂಧ್ರಗಳ ಕಡೆಯ ದೊಡ್ಡ ಕೊಂಬೆ. 818 ಶಿವಮೊಗ್ಗದ ಸುತ್ತಲಿನ ರೆಂಬೆ: ತೀರ್ಥಹಳ್ಳಿ 08181, ಶಿವಮೊಗ್ಗ 08182, ಸಾಗರ 08183, ಸೊರಬ 08184, ಹೊಸನಗರ 08185, ಶಿಕಾರಿಪುರ 08187. ಸೊನ್ನೆ ಬಿಟ್ಟು ನಾಲ್ಕಂಕಿಯ ಕೋಡ್, ಆರಂಕಿಯ ಸ್ಥಳೀಯ ಸಂಖ್ಯೆ, ಒಟ್ಟು ಹತ್ತು. ಬೆಂಗಳೂರಿಗೆ ಕೋಡ್ ಎರಡೇ ಅಂಕಿ (80), ಸ್ಥಳೀಯ ಸಂಖ್ಯೆ ಎಂಟು. ಅಲ್ಲೂ ಮೊತ್ತ ಹತ್ತೇ. ಚಂದಾದಾರರು ಹೆಚ್ಚಿರುವಲ್ಲಿ ಕೋಡ್ ಗಿಡ್ಡ.

ಸ್ವಾರಸ್ಯವಿರುವುದು ಮುಂದಿನ ಎರಡು ಕೋಡುಗಳಲ್ಲಿ. 08188 ಹೊನ್ನಾಳಿ, 08189 ಚನ್ನಗಿರಿ. ಈ ಎರಡೂ ತಾಲೂಕುಗಳು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು, ಆದರೆ ಕೋಡ್ ಬದಲಾಗಲಿಲ್ಲ. ಕಂದಾಯದ ನಕ್ಷೆ ಬದಲಾದರೂ ದೂರವಾಣಿಯ ನಕ್ಷೆ ಹಳೆಯ ಜಿಲ್ಲೆಯನ್ನೇ ನೆನಪಿಟ್ಟುಕೊಂಡಿತು. ಹಾಗೆಯೇ ಸೊರಬ ತಾಲೂಕಿನ ಗಡಿ ದಾಟಿದರೆ ಬನವಾಸಿ. ಅದು ಶಿರಸಿ ತಾಲೂಕು, ಕೋಡ್ 08384. ಒಂದೇ ಅಂಕಿಯ ವ್ಯತ್ಯಾಸ, ಆದರೆ ಮರದಲ್ಲಿ ಬೇರೆಯೇ ಕೊಂಬೆ. ನೆಲದ ಮೇಲೆ ಹತ್ತಿರವಿರುವುದು ಜಾಲದಲ್ಲಿ ಹತ್ತಿರವಿರಬೇಕೆಂದಿಲ್ಲ. ಎಂಜಿನಿಯರುಗಳು ‘ಟೊಪಾಲಜಿ’ ಎನ್ನುವುದು ಇದನ್ನೇ.

ಎರಡು ಊರುಗಳ ನಡುವೆ ಎಷ್ಟು ಟ್ರಂಕ್ ಬೇಕು? ಈ ಲೆಕ್ಕವನ್ನು ಕೊಪೆನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1909 ಮತ್ತು 1917ರ ಪ್ರಬಂಧಗಳಲ್ಲಿ ಬಿಡಿಸಿದ. ಉದಾಹರಣೆಗೆ, ಗಿಜಿಗುಡುವ ಒಂದು ಗಂಟೆಯಲ್ಲಿ 40 ಕರೆಗಳು ಬರುತ್ತವೆ, ಒಂದೊಂದೂ ಸರಾಸರಿ 3 ನಿಮಿಷ ಎಂದುಕೊಳ್ಳಿ. ಒಟ್ಟು 120 ನಿಮಿಷ, ಅಂದರೆ 2 ‘ಎರ್ಲಾಂಗ್’ ಹೊರೆ. ಹಾಗಾದರೆ ಎರಡು ಟ್ರಂಕ್ ಸಾಕೇ? ಸಾಲದು. ಕರೆಗಳು ಸಾಲಾಗಿ ಬರುವುದಿಲ್ಲ, ಮನಬಂದಂತೆ ಬರುತ್ತವೆ. ಸೂತ್ರ ಹಾಕಿದರೆ, ಎರಡು ಟ್ರಂಕ್ ಇದ್ದಾಗ ನೂರಕ್ಕೆ 40 ಕರೆಗಳಿಗೆ ದಾರಿ ಸಿಗುವುದಿಲ್ಲ. ಐದು ಇದ್ದರೆ ಸಿಗದವು ನೂರಕ್ಕೆ 4ಕ್ಕೂ ಕಡಿಮೆ. ಪಿ.ಯು. ವಿದ್ಯಾರ್ಥಿಗಳಿಗೆ ಸಂಭಾವ್ಯತೆ ಕಲಿಸುವಾಗ ಕವಡೆ, ದಾಳಗಳಿಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ.

ಗ್ರಾಮೀಣ ಭಾರತದ ಮಟ್ಟಿಗೆ ದೊಡ್ಡ ತಿರುವು ಬಂದದ್ದು ನಮ್ಮ ರಾಜ್ಯದಲ್ಲೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಡಿಜಿಟಲ್ ಕೇಂದ್ರ ಮೊದಲು ಕೆಲಸಕ್ಕಿಳಿದದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ದೂಳು, ಸೆಕೆಗಳನ್ನು ತಾಳಿಕೊಂಡು ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ಅದು ನಡೆಯುತ್ತಿತ್ತು. ಡಿಜಿಟಲ್ ಕೇಂದ್ರದಲ್ಲಿ ನಿಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಗುಣಿಸಿ: ಸೆಕೆಂಡಿಗೆ 64,000 ಬಿಟ್. ಇಂಟರ್‌ನೆಟ್ಟಿನ ಆರಂಭದಲ್ಲಿ ‘64 ಕೆಬಿಪಿಎಸ್’ ಎಂಬ ಅಂಕಿ ಮತ್ತೆ ಮತ್ತೆ ಕೇಳಿಬರುತ್ತಿದ್ದುದಕ್ಕೆ ಕಾರಣ ಇದೇ. ಅದು ಒಬ್ಬರ ಮಾತಿನ ಅಳತೆ.

ಹೀಗೆ ಧ್ವನಿ ಬಿಟ್ ಆದ ಮೇಲೆ ಮಾತಿಗೂ ದತ್ತಾಂಶಕ್ಕೂ ತಂತಿಯಲ್ಲಿ ಭೇದ ಉಳಿಯಲಿಲ್ಲ. ಭೇದ ಉಳಿದದ್ದು ಟ್ರಂಕ್ ಬಳಸುವ ರೀತಿಯಲ್ಲಿ. ದೂರವಾಣಿಯಲ್ಲಿ ನೀವು ಸುಮ್ಮನಿದ್ದರೂ ದಾರಿ ನಿಮ್ಮದೇ. ಇದು ಸರ್ಕಿಟ್ ಸ್ವಿಚಿಂಗ್. ಕಂಪ್ಯೂಟರ್ ಹೆಚ್ಚು ಹೊತ್ತು ಸುಮ್ಮನಿದ್ದು ಆಗೊಮ್ಮೆ ಈಗೊಮ್ಮೆ ಮಾತಾಡುವ ಪ್ರಾಣಿ. ಆದ್ದರಿಂದ 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿ ಇನ್ನೊಂದು ಉಪಾಯ ಯೋಚಿಸಿದರು: ಸಂದೇಶವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಬರೆದು ಬಿಡುವುದು. ‘ಪ್ಯಾಕೆಟ್’ ಎಂಬ ಹೆಸರು ಡೇವಿಸ್ ಇಟ್ಟದ್ದು. ತುಂಡುಗಳನ್ನು ಮುಂದೆ ದಾಟಿಸುವುದೇ ರೂಟರ್. ಅದು ಐ.ಪಿ. ವಿಳಾಸದ ಮುಂಭಾಗವನ್ನಷ್ಟೇ ನೋಡಿ ದಾರಿ ಆರಿಸುತ್ತದೆ, 818 ನೋಡಿ ಶಿವಮೊಗ್ಗದ ಕಡೆ ಕಳಿಸಿದ ಹಾಗೆ. ಸ್ವಿಚ್, ಟ್ರಂಕ್ ಪದಗಳೂ ಹೊಸ ಮನೆಗೆ ಬಂದವು: ಕಾಲೇಜಿನ ಲ್ಯಾಬಿನಲ್ಲಿ ಎರಡು ಸ್ವಿಚ್‌ಗಳ ನಡುವೆ ಹಲವು ಜಾಲಗಳ ದತ್ತಾಂಶ ಹೊರುವ ಕೊಂಡಿಯನ್ನು ಈಗಲೂ ಟ್ರಂಕ್ ಎನ್ನುತ್ತಾರೆ. ದಟ್ಟಣೆಯಾದಾಗ ದೂರವಾಣಿ ‘ಲೈನ್ ಖಾಲಿಯಿಲ್ಲ’ ಎಂದು ನಿರಾಕರಿಸುತ್ತಿತ್ತು; ಪ್ಯಾಕೆಟ್ ಜಾಲ ಯಾರನ್ನೂ ನಿರಾಕರಿಸದೆ ಎಲ್ಲರನ್ನೂ ನಿಧಾನ ಮಾಡುತ್ತದೆ.

ಮೊಬೈಲ್ ಸಂಖ್ಯೆಯಲ್ಲಿ ಊರಿನ ಸುಳಿವು ಮೊದಲಿನಿಂದಲೂ ಇರಲಿಲ್ಲ. ಸ್ಥಿರ ದೂರವಾಣಿಗೂ ತಾಲೂಕು ಮಟ್ಟದ ಹಂಚಿಕೆ ಬಿಟ್ಟು, ಹೆಚ್ಚುಕಡಿಮೆ ರಾಜ್ಯದಷ್ಟು ವಿಸ್ತಾರದ ಸೇವಾ ವಲಯವನ್ನು ಆಧರಿಸಿದ ಹತ್ತಂಕಿಯ ಯೋಜನೆ ತರುವಂತೆ ಟ್ರಾಯ್ 2025ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಹಳೆಯ ಡೈರೆಕ್ಟರಿಯೊಂದು ನಿಮ್ಮ ಶಾಲೆಯ ಕಪಾಟಿನಲ್ಲಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಮಕ್ಕಳಿಗೆ ಕೊಟ್ಟು, ಅದರ ಕೋಡುಗಳಿಂದಲೇ ಮರದ ಚಿತ್ರ ಬರೆಸಿ. ಹೊನ್ನಾಳಿ ಯಾವ ರೆಂಬೆಯಲ್ಲಿ ಕೂತಿದೆ, ಏಕೆ ಎಂದು ಅವರೇ ಕೇಳುತ್ತಾರೆ.