ಹೊರೆ ಇಳಿಯುವ ಜಾಗ: ಸೈಕಲ್ ಕ್ಯಾರಿಯರ್‌ನಿಂದ ಇ-ಬೈಕಿನವರೆಗೆ

ಸೈಕಲ್ಲಿನ ಹಿಂದಿನ ಕ್ಯಾರಿಯರ್ ಎಂದರೆ ಕೆಲವು ಕಬ್ಬಿಣದ ಸರಳುಗಳ ಚೌಕಟ್ಟು. ಅದರ ಕಾಲುಗಳು ಹಿಂದಿನ ಚಕ್ರದ ಎರಡೂ ಬದಿಯಿಂದ ಆಕ್ಸಲ್ ತನಕ ಇಳಿಯುತ್ತವೆ. ಮುಂದಿನ ತುದಿಯನ್ನು ಸೀಟಿನ ಕೆಳಗಿನ ಕೊಳವೆಗಳಿಗೆ ಪಟ್ಟಿ ಹಾಕಿ ಬಿಗಿಯುತ್ತಾರೆ. ಮೇಲೆ ಇಟ್ಟದ್ದು ಜಾರದಂತೆ ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಇಷ್ಟೇ ವಸ್ತು ನೂರಕ್ಕೂ ಹೆಚ್ಚು ವರ್ಷ ಹಾಲು, ಅಂಚೆ, ಮೀನು, ಕಲ್ಲಿದ್ದಲು, ಸೈನ್ಯದ ಅಕ್ಕಿ, ಶಾಲೆಗೆ ಹೋಗುವ ಮಕ್ಕಳು ಎಲ್ಲವನ್ನೂ ಹೊತ್ತಿದೆ. ಅದರ ಚರಿತ್ರೆಯುದ್ದಕ್ಕೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಮೇಲಿಟ್ಟ ಹೊರೆ ಸೈಕಲ್ಲಿನ ಯಾವ ಭಾಗದ ಮೇಲೆ ಇಳಿಯಬೇಕು? ಬ್ಯಾಟರಿ, ಮೋಟಾರು ಸೇರಿದ ಇ-ಬೈಕಿಗೆ ಕ್ಯಾರಿಯರ್ ಕೂರಿಸುವವರ ಎದುರಿಗಿರುವುದೂ ಅದೇ ಪ್ರಶ್ನೆ.

ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಹತ್ತೊಂಬತ್ತನೇ ಶತಮಾನದ ಎತ್ತರದ ಸೈಕಲ್ಲಿನಲ್ಲಿ ಹೊರೆಗೆ ಜಾಗವೇ ಇರಲಿಲ್ಲ. ಸವಾರ ದೊಡ್ಡ ಚಕ್ರದ ನೆತ್ತಿಯ ಮೇಲೆ ಕೂರುತ್ತಿದ್ದ. ಹಿಂದೆ ಒಂದು ಸಣ್ಣ ಚೀಲ ಕಟ್ಟಿಕೊಂಡರೆ ಅದೇ ಹೆಚ್ಚು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲು ಈ ಆಕಾರವನ್ನು ಬದಲಿಸಿತು. ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದವು, ಚೈನು ಹಿಂದಿನ ಚಕ್ರವನ್ನು ತಿರುಗಿಸತೊಡಗಿತು, ಸವಾರ ಎರಡು ಚಕ್ರಗಳ ನಡುವೆ ಕೆಳಗೆ ಇಳಿದು ಕೂತ. ಹಾಗಾಗಿ ಹಿಂದಿನ ಚಕ್ರದ ಮೇಲ್ಭಾಗ ಖಾಲಿ ಉಳಿಯಿತು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ ಮೇಲೆ ಆ ಖಾಲಿ ಜಾಗದಲ್ಲಿ ಇಟ್ಟದ್ದು ಕುಲುಕಿ ಒಡೆಯುವ ಭಯವೂ ಕಡಿಮೆಯಾಯಿತು.

ಆದರೂ ಯುರೋಪಿನ ವ್ಯಾಪಾರಿಗಳು ಹೊರೆಯನ್ನು ಮೊದಲು ಇಟ್ಟದ್ದು ಮುಂಬದಿಯಲ್ಲಿ. ಬ್ರಿಟನ್ನಿನ ಮಾಂಸದಂಗಡಿ, ಬೇಕರಿಗಳ ಹುಡುಗರು ತುಳಿಯುತ್ತಿದ್ದ ಸೈಕಲ್ಲುಗಳಲ್ಲಿ ಮುಂದಿನ ಚಕ್ರವನ್ನು ಚಿಕ್ಕದಾಗಿಸಿ ಅದರ ಮೇಲೆ ದೊಡ್ಡ ಬುಟ್ಟಿ ಇಡುತ್ತಿದ್ದರು. 1920ರ ದಶಕದ ಡೆನ್ಮಾರ್ಕಿನಲ್ಲಿ ‘ಲಾಂಗ್ ಜಾನ್’ ಎಂಬ ಮಾದರಿ ಬಂತು. ಅದರಲ್ಲಿ ಸವಾರನಿಗೂ ಮುಂದಿನ ಚಕ್ರಕ್ಕೂ ನಡುವೆ ನೆಲಕ್ಕೆ ಹತ್ತಿರದಲ್ಲಿ ಸರಕಿನ ಹಲಗೆ ಇತ್ತು. ಕೋಪನ್‌ಹೇಗನ್ನಿನ ಸರಕು ಸೈಕಲ್ ಹುಡುಗರಿಗಾಗಿ 1942ರಿಂದ 1960ರವರೆಗೆ ಓಟದ ಸ್ಪರ್ಧೆಯೂ ನಡೆಯುತ್ತಿತ್ತು. ಇವೆಲ್ಲ ಹೊರೆಗೆಂದೇ ಕಟ್ಟಿದ ಬೇರೆ ಜಾತಿಯ ಬಂಡಿಗಳು. ಸಾಮಾನ್ಯ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಅಲ್ಲಿ ಚೀಲ, ಕೋಟು, ಪುಸ್ತಕಗಳ ಮಟ್ಟದಲ್ಲೇ ಉಳಿಯಿತು.

ಹಿಂದಿನ ಕ್ಯಾರಿಯರ್‌ನ ನಿಜವಾದ ಶಕ್ತಿ ಹೊರಬಿದ್ದದ್ದು ಯುದ್ಧದಲ್ಲಿ. ಸ್ವಿಸ್ ಸೈನ್ಯ 1905ರಲ್ಲಿ ಒಪ್ಪಿಕೊಂಡ ಸೈಕಲ್ಲಿಗೆ ಹಿಂದೆ ಗಟ್ಟಿ ಕ್ಯಾರಿಯರ್ ಇತ್ತು, ಆ ಮಾದರಿ 1990ರ ದಶಕದವರೆಗೂ ಸೇವೆಯಲ್ಲಿತ್ತು. 1941ರ ಡಿಸೆಂಬರ್‌ನಲ್ಲಿ ಮಲಯಕ್ಕೆ ನುಗ್ಗಿದ ಜಪಾನಿ ಪಡೆಗಳು ಬುತ್ತಿ, ಮದ್ದುಗುಂಡುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಕಾಡುರಸ್ತೆಗಳಲ್ಲಿ ಸಿಂಗಪುರದತ್ತ ಸಾಗಿದವು. ಎಲ್ಲಕ್ಕಿಂತ ದೊಡ್ಡ ಉದಾಹರಣೆ 1954ರ ವಿಯೆಟ್ನಾಮಿನದು. ದಿಯೆನ್ ಬಿಯೆನ್ ಫು ಕಣಿವೆಯಲ್ಲಿ ಫ್ರೆಂಚ್ ಸೈನ್ಯವನ್ನು ಸುತ್ತುವರಿದಿದ್ದ ವಿಯೆಟ್ ಮಿನ್ ಪಡೆಗೆ ಅಕ್ಕಿ ಮತ್ತು ಮದ್ದುಗುಂಡು ಮುಟ್ಟಿಸಿದ್ದರಲ್ಲಿ ಸಾವಿರಾರು ಸೈಕಲ್ಲುಗಳ ಪಾಲಿತ್ತು. ಅವನ್ನು ಯಾರೂ ತುಳಿಯಲಿಲ್ಲ, ತಳ್ಳಿಕೊಂಡೇ ನಡೆದರು. ಹ್ಯಾಂಡಲ್ಲಿಗೆ ಒಂದು ಬಿದಿರು ಕಟ್ಟಿ ಉದ್ದ ಮಾಡಿ, ಸೀಟಿನ ಕೊಳವೆಯಲ್ಲಿ ಇನ್ನೊಂದು ಬಿದಿರು ನಿಲ್ಲಿಸಿ, ಫೋರ್ಕು ಮತ್ತು ಕ್ಯಾರಿಯರ್‌ಗೆ ಆಸರೆ ಕೊಟ್ಟು ಬಲಪಡಿಸಿದ್ದರು. ಒಂದೊಂದು ಸೈಕಲ್ಲೂ 200 ಕೆ.ಜಿ. ಹೊರುತ್ತಿತ್ತು, 300 ಕೆ.ಜಿ. ದಾಟಿಸಿದವರೂ ಇದ್ದರು. ಇಷ್ಟು ತೂಕ ತಡೆದದ್ದು ಹೊರೆ ಎರಡು ಆಕ್ಸಲ್‌ಗಳ ನಡುವೆ, ಚಕ್ರಗಳ ಇಕ್ಕೆಲಗಳಲ್ಲಿ ತಗ್ಗಾಗಿ ಹಂಚಿಹೋದದ್ದರಿಂದ. ಮುಂದೆ ಬಂದ ಕೆಲವು ಸರಕು ಸೈಕಲ್ಲುಗಳ ವಿನ್ಯಾಸದಲ್ಲೂ ಇದೇ ತತ್ವ ಕಾಣುತ್ತದೆ.

ಭಾರತದಲ್ಲಿ ಕ್ಯಾರಿಯರ್ ಜೀವನೋಪಾಯದ ಭಾಗವಾಯಿತು. ಮೊದಲು ಇಲ್ಲಿ ಓಡಾಡಿದವು ರ‍್ಯಾಲೀ, ಬಿಎಸ್‌ಎ, ಹರ್ಕ್ಯುಲಿಸ್, ಹಂಬರ್ ಮುಂತಾದ ಬ್ರಿಟಿಷ್ ಸೈಕಲ್ಲುಗಳು. ಸ್ವಾತಂತ್ರ್ಯದ ಆಚೀಚೆ ದೇಶದೊಳಗೇ ಕಾರ್ಖಾನೆಗಳೆದ್ದವು: ಮದರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್, ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲೀ, ಸೋನಿಪತ್‌ನಲ್ಲಿ ಅಟ್ಲಾಸ್. ದೇಶವಿಭಜನೆಯ ಕಾಲದಲ್ಲಿ ಲೂಧಿಯಾನಕ್ಕೆ ಬಂದು ಬಿಡಿಭಾಗಗಳ ವ್ಯಾಪಾರ ನಡೆಸುತ್ತಿದ್ದ ಮುಂಜಾಲ್ ಸಹೋದರರು 1956ರಲ್ಲಿ ಹೀರೋ ಸೈಕಲ್ಸ್ ಆರಂಭಿಸಿದರು. 1986ರಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿಯೆಂದು ಗಿನ್ನೆಸ್ ದಾಖಲೆಗೆ ಸೇರಿತು. ಲೂಧಿಯಾನದ ಸಣ್ಣ ಸಣ್ಣ ಕಾರ್ಖಾನೆಗಳು ಕ್ಯಾರಿಯರ್, ಸ್ಟ್ಯಾಂಡು, ಚೈನ್ ಕವರುಗಳನ್ನು ದೇಶಕ್ಕೆಲ್ಲ ಕಳಿಸಿದವು.

ಸೈಕಲ್ ಕೊಳ್ಳುವ ರೀತಿಯೂ ಇದಕ್ಕೆ ತಕ್ಕಂತೆ ಬೆಳೆಯಿತು. ಕಂಪನಿಯಿಂದ ಅಂಗಡಿಗೆ ಸೈಕಲ್ಲು ಬಿಡಿಬಿಡಿಯಾಗಿ ಬರುತ್ತಿತ್ತು. ಗಿರಾಕಿ ಕ್ಯಾರಿಯರ್, ಸ್ಟ್ಯಾಂಡು, ಬೀಗ, ಬೆಲ್ಲು, ಡೈನಮೊಗಳನ್ನು ಒಂದೊಂದಾಗಿ ಆರಿಸುತ್ತಿದ್ದ, ಮೆಕ್ಯಾನಿಕ್ ಎಲ್ಲವನ್ನೂ ಜೋಡಿಸಿ ಕೊಡುತ್ತಿದ್ದ. ಕಚೇರಿಗೆ ಹೋಗುವವನಿಗೆ ತೆಳು ಸರಳಿನ ಕ್ಯಾರಿಯರ್ ಸಾಕಿತ್ತು. ಹಾಲಿನವನಿಗೆ, ಸೊಪ್ಪಿನವನಿಗೆ ಬೇಕಾದದ್ದು ದಪ್ಪ ಸರಳಿನದು, ಜೊತೆಗೆ ಹೊರೆ ಏರಿಸುವಾಗ ಹಿಂದಿನ ಚಕ್ರವನ್ನೇ ನೆಲದಿಂದ ಎತ್ತಿ ಹಿಡಿಯುವ ಡಬಲ್ ಸ್ಟ್ಯಾಂಡು. ಹೊರೆ ಹೊರುವ ಸೈಕಲ್ಲನ್ನು ಹೇಗೆ ಕಟ್ಟಬೇಕೆಂಬ ಅರಿವು ಹೀಗೆ ಕಾರ್ಖಾನೆಯಲ್ಲಷ್ಟೇ ಉಳಿಯದೆ ಊರೂರಿನ ಸೈಕಲ್ ಶಾಪಿನಲ್ಲಿ ಬೇರೂರಿತು. ಈ ಚರಿತ್ರೆಯಲ್ಲಿ ಕಾರ್ಖಾನೆಗಳ ಮಾಲೀಕರಿಗೆ ಸಿಕ್ಕಷ್ಟು ಹೆಸರು ಆ ಮೆಕ್ಯಾನಿಕ್‌ಗಳಿಗೆ ಸಿಗಲೇ ಇಲ್ಲ.

ಆ ಕಾಲದ ಸೈಕಲ್ಲಿನ ರಚನೆಯೂ ಹೊರೆಗೆ ಒಗ್ಗಿತ್ತು. ಮುಂದಿನ ಚಕ್ರಕ್ಕೆ 32 ಸ್ಪೋಕು, ಹಿಂದಿನದಕ್ಕೆ 40. ತೂಕ ಹಿಂದೆಯೇ ಹೆಚ್ಚೆಂಬ ಲೆಕ್ಕ ಈ ಅಂಕಿಗಳಲ್ಲೇ ಇದೆ. ಕ್ಯಾರಿಯರ್ ಕಾಲಿನ ತುದಿಯ ಕಣ್ಣನ್ನು ಹಿಂದಿನ ಆಕ್ಸಲ್‌ಗೆ ತೂರಿಸಿ ಅದರ ಮೇಲೆ ನಟ್ಟು ಬಿಗಿಯುತ್ತಿದ್ದರು. ಹಾಗೆ ಮಾಡಿದಾಗ ಹೊರೆ ಫ್ರೇಮಿನ ಕೊಳವೆಗಳನ್ನು ಹೆಚ್ಚು ಬಾಗಿಸದೆ ನೇರವಾಗಿ ಆಕ್ಸಲ್‌ಗೆ, ಅಲ್ಲಿಂದ ಚಕ್ರದ ಮೂಲಕ ನೆಲಕ್ಕೆ ಇಳಿಯುತ್ತದೆ. ಮೇಲಿನ ಪಟ್ಟಿಯ ಕೆಲಸ ಕ್ಯಾರಿಯರ್ ಹಿಂದಕ್ಕೆ ಬೀಳದಂತೆ, ಪಕ್ಕಕ್ಕೆ ಓಲಾಡದಂತೆ ಹಿಡಿಯುವುದು ಮಾತ್ರ. ತೀರಾ ಸರಳವಾದ, ಆದರೆ ಬಲು ಜಾಣತನದ ಏರ್ಪಾಡು ಇದು.

ಕರ್ನಾಟಕದ ರಸ್ತೆಗಳಲ್ಲಿ ಈ ಕ್ಯಾರಿಯರ್ ಹೊತ್ತ ವಸ್ತುಗಳ ಪಟ್ಟಿ ಮಾಡಿದರೆ ಒಂದು ಕಾಲದ ಪೇಟೆಯೇ ಎದುರಿಗೆ ಬರುತ್ತದೆ. ಹಾಲಿನ ಕ್ಯಾನುಗಳು ಕ್ಯಾರಿಯರ್‌ನ ಇಬ್ಬದಿಯ ಕೊಕ್ಕೆಗಳಲ್ಲಿ ನೇತಾಡುತ್ತಿದ್ದವು. ಐಸ್‌ಕ್ಯಾಂಡಿಯ ಮರದ ಪೆಟ್ಟಿಗೆ, ಕರಾವಳಿಯ ಮೀನಿನ ಬುಟ್ಟಿ, ಬ್ರೆಡ್ಡು-ಬನ್ನಿನ ತಗಡಿನ ಟ್ರಂಕು, ತೆಂಗಿನಕಾಯಿಯ ಮೂಟೆ, ಹಸುವಿಗೆ ಹುಲ್ಲಿನ ಹೊರೆ, ಟೂರಿಂಗ್ ಟಾಕೀಸಿಗೆ ಹೋಗುವ ಸಿನಿಮಾ ರೀಲಿನ ಡಬ್ಬಿ, ಗ್ಯಾಸ್ ಸಿಲಿಂಡರ್ ಎಲ್ಲವೂ ಅದರ ಮೇಲೆಯೇ ಸಾಗಿದವು. ಪಂಕ್ಚರಾಗಿ ಕೆಲಸಕ್ಕೆ ಬಾರದ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಹೊರೆ ಕಟ್ಟುವ ಹಗ್ಗ ಸಿದ್ಧ. ಎಳೆದಷ್ಟೂ ಬಿಗಿಯುವ ಆ ರಬ್ಬರ್ ಪಟ್ಟಿಗೆ ಸಮನಾದದ್ದು ಇಂದಿನ ದುಬಾರಿ ಸಾಮಾನುಗಳಲ್ಲೂ ಅಪರೂಪ. ಜನರೂ ಕ್ಯಾರಿಯರ್ ಮೇಲೆ ಸಾಗಿದರು. ಹಲವು ಊರುಗಳಲ್ಲಿ ಡಬಲ್ ಸವಾರಿ ಕಾನೂನಿಗೆ ವಿರುದ್ಧವಾಗಿತ್ತು, ಪೊಲೀಸರು ಕಂಡರೆ ಹಿಂದೆ ಕೂತವನು ಇಳಿದು ನಡೆಯುತ್ತಿದ್ದ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಶಾಲಾಚೀಲಗಳಿಗೂ ಕ್ಯಾರಿಯರ್ ಸಿಕ್ಕಿತು.

ಇದೇ ಕಾಲದಲ್ಲಿ ಬೇರೆ ಬಡ ನಾಡುಗಳೂ ಕ್ಯಾರಿಯರ್ ಮೇಲೆ ಬದುಕು ಕಟ್ಟಿದವು. ಕೆನ್ಯಾ-ಉಗಾಂಡ ಗಡಿಯಲ್ಲಿ ಕ್ಯಾರಿಯರ್ ಮೇಲೆ ಮೆತ್ತೆ ಹಾಕಿ ಪ್ರಯಾಣಿಕರನ್ನು ಕೂರಿಸುವ ‘ಬೋಡಾ ಬೋಡಾ’ ಬಾಡಿಗೆ ಸವಾರಿ ಹುಟ್ಟಿತು. ಜಾರ್ಖಂಡಿನ ಕಲ್ಲಿದ್ದಲು ಸೀಮೆಯಲ್ಲಿ ಬಡವರು 200 ಕೆ.ಜಿ.ಯಷ್ಟು ಕಲ್ಲಿದ್ದಲು ಮೂಟೆಗಳನ್ನು ಸೈಕಲ್ಲಿಗೆ ಹೇರಿ ದೂರದ ಊರುಗಳಿಗೆ ತಳ್ಳಿಕೊಂಡು ಹೋಗುವುದು ಇಂದಿಗೂ ನಿಂತಿಲ್ಲ. 2004ರ ಸುನಾಮಿಯ ನಂತರ ಶ್ರೀಲಂಕೆಯ ನಿರಾಶ್ರಿತರಿಗೆ ಸೈಕಲ್ ಹಂಚುವುದರೊಂದಿಗೆ ಆರಂಭವಾದ ‘ವರ್ಲ್ಡ್ ಬೈಸಿಕಲ್ ರಿಲೀಫ್’ ಸಂಸ್ಥೆ ಆಫ್ರಿಕಾಕ್ಕಾಗಿ ರೂಪಿಸಿದ ‘ಬಫಲೊ’ ಸೈಕಲ್ಲಿನ ಕ್ಯಾರಿಯರ್ 100 ಕೆ.ಜಿ. ಹೊರುತ್ತದೆ.

ಭಾರತದ ಪೇಟೆಗಳಲ್ಲಿ ಕ್ಯಾರಿಯರ್‌ನ ಇಳಿಗಾಲ ಎರಡು ದಿಕ್ಕಿನಿಂದ ಬಂತು. ಹೊರೆ ಹೊರುವವರು ಮೊಪೆಡ್ಡಿಗೆ ಹೋದರು. 1970ರ ದಶಕದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50, ನಂತರದ ಎಕ್ಸ್‌ಎಲ್ ಹಾಲಿನ ಕ್ಯಾನನ್ನೂ ಬುಟ್ಟಿಯನ್ನೂ ತಮ್ಮದಾಗಿಸಿಕೊಂಡವು. ಸೈಕಲ್ಲನ್ನೇ ಉಳಿಸಿಕೊಂಡ ಯುವಕರು ಗೇರು, ದಪ್ಪ ಟೈರುಗಳ ಸ್ಪೋರ್ಟ್ಸ್ ಮಾದರಿ ಬಯಸಿದರು. ಅವಕ್ಕೆ ಕ್ಯಾರಿಯರ್ ಇಲ್ಲ, ಎಷ್ಟೋ ಸಲ ಮಡ್‌ಗಾರ್ಡೂ ಇಲ್ಲ. ಒಂದು ಪೀಳಿಗೆಯ ಸೈಕಲ್ಲುಗಳು ಹೊರೆಯ ಯೋಚನೆಯೇ ಇಲ್ಲದೆ ತಯಾರಾದವು. ಪಶ್ಚಿಮದಲ್ಲಿ ಇದೇ ಹೊತ್ತಿಗೆ ದೂರಪ್ರವಾಸಿಗಳು ಕ್ಯಾರಿಯರ್ ಅನ್ನು ಹೊಸದಾಗಿ ಕಟ್ಟಿದರು. 1970ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಜಿಮ್ ಬ್ಲ್ಯಾಕ್‌ಬರ್ನ್ ವೆಲ್ಡಿಂಗ್ ಮಾಡಿದ ಅಲ್ಯೂಮಿನಿಯಂ ಸರಳುಗಳ ಹಗುರ ಕ್ಯಾರಿಯರ್ ಮಾರಾಟಕ್ಕಿಟ್ಟ. ಮುಂದೆ ಜರ್ಮನಿಯ ಟ್ಯೂಬಸ್ ಕಂಪನಿ ಟೊಳ್ಳು ಉಕ್ಕಿನ ಕೊಳವೆಗಳಿಂದ ಕ್ಯಾರಿಯರ್ ತಯಾರಿಸಿತು. ಐಎಸ್‌ಒ 11243 ಎಂಬ ಅಂತಾರಾಷ್ಟ್ರೀಯ ಮಾನದಂಡ ಕ್ಯಾರಿಯರ್‌ಗಳ ವರ್ಗವನ್ನೂ ಪರೀಕ್ಷೆಯನ್ನೂ ಗೊತ್ತುಮಾಡಿತು. ಇಂದಿನ ಕ್ಯಾರಿಯರ್ ಮೇಲೆ 25 ಅಥವಾ 27 ಕೆ.ಜಿ. ಎಂದು ಒತ್ತಿರುವ ಮಿತಿ ಇಂಥ ಪರೀಕ್ಷೆಗಳ ಫಲ.

ವಿದ್ಯುತ್ ಸೈಕಲ್ಲಿನ ಕಲ್ಪನೆ ಹೊಸದಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ 1895ರ ಕೊನೆಯ ದಿನ ಪಡೆದ ಪೇಟೆಂಟಿನಲ್ಲಿ ಮೋಟಾರು ಹಿಂದಿನ ಚಕ್ರದ ಹಬ್ಬಿನೊಳಗಿತ್ತು, ಬ್ಯಾಟರಿ ಫ್ರೇಮಿನ ನಡುವೆ ತೂಗುತ್ತಿತ್ತು. ಜನಬಳಕೆಗೆ ಬಂದದ್ದು ಮಾತ್ರ 1993ರಲ್ಲಿ, ತುಳಿತಕ್ಕೆ ತಕ್ಕಷ್ಟು ನೆರವು ಕೊಡುವ ಯಮಾಹಾ ಪಾಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ. ಆಮೇಲೆ ಬಂದ ಹಲವು ಇ-ಸೈಕಲ್ಲುಗಳಲ್ಲಿ ಬ್ಯಾಟರಿಯನ್ನು ಕ್ಯಾರಿಯರ್‌ನ ಒಡಲಲ್ಲೇ ಇಟ್ಟರು. ತೆಗೆಯಲು, ಚಾರ್ಜ್ ಮಾಡಲು ಅದು ಅನುಕೂಲ. ಆದರೆ ಮೂರು-ನಾಲ್ಕು ಕೆ.ಜಿ. ತೂಕ ಎತ್ತರದಲ್ಲಿ, ಹಿಂಬದಿಯಲ್ಲಿ ಕೂತಿತು. ಅದರ ಮೇಲೆ ಚೀಲ ಹೇರಿದರೆ ತಿರುವಿನಲ್ಲಿ ಸೈಕಲ್ಲು ತೂಗಾಡತೊಡಗಿತು. ಬ್ಯಾಟರಿ ಕ್ರಮೇಣ ಫ್ರೇಮಿನ ಕೆಳಕೊಳವೆಯೊಳಗೆ ಸರಿದದ್ದರಿಂದ ಕ್ಯಾರಿಯರ್ ಮತ್ತೆ ಹೊರೆಗೇ ಮೀಸಲಾಯಿತು.

ಕ್ಯಾರಿಯರ್ ಇಲ್ಲದ ಇ-ಬೈಕಿಗೆ ಅದನ್ನು ಕೂರಿಸಹೊರಟಾಗ ಹಳೆಯ ಅರಿವು ಅರ್ಧ ಮಾತ್ರ ನೆರವಾಗುತ್ತದೆ. ಮೋಟಾರು ಹಿಂದಿನ ಹಬ್ಬಿನಲ್ಲಿದ್ದರೆ ಆಕ್ಸಲ್ ಸಾಮಾನ್ಯವಾಗಿ 12 ಮಿ.ಮೀ. ದಪ್ಪ, ಎರಡು ಬದಿ ಚಪ್ಪಟೆ. ಹಳೆಯ ಸೈಕಲ್ಲಿನ ಆಕ್ಸಲ್ ಸುಮಾರು ಒಂಬತ್ತೂವರೆ ಮಿ.ಮೀ. ಇರುತ್ತಿತ್ತು. ಹಳೆಯ ಕ್ಯಾರಿಯರ್‌ನ ಕಣ್ಣು ಅಲ್ಲಿಗೆ ಹಿಡಿಸುವುದಿಲ್ಲ. ತೂತು ದೊಡ್ಡದು ಮಾಡಿ ತೂರಿಸಿದರೆ ನಟ್ಟಿಗೆ ಹಿಡಿಯಲು ಸಾಕಷ್ಟು ಮರೆ (ತಿರುಪಿನ ಸುತ್ತು) ಉಳಿಯದೆ ಹೋಗಬಹುದು. ಮೋಟಾರಿನ ತಂತಿ ಹೊರಬರುವುದೂ ಆಕ್ಸಲ್ ತುದಿಯಿಂದಲೇ, ಆಕ್ಸಲ್ ತಿರುಗದಂತೆ ತಡೆಯುವ ವಾಷರ್‌ಗಳು ಕೂರುವುದೂ ಅಲ್ಲೇ. ನೂರು ವರ್ಷ ಹೊರೆ ಇಳಿದ ಜಾಗದಲ್ಲಿ ಈಗ ಮೋಟಾರಿನ ತಿರುಚುಬಲ ಕೂತಿದೆ. ಎರಡನ್ನೂ ಒಂದೇ ನಟ್ಟಿಗೆ ಒಪ್ಪಿಸುವುದು ತಪ್ಪು.

ಹಾಗಾಗಿ ಕ್ಯಾರಿಯರ್‌ನ ಕಾಲುಗಳಿಗೆ ಆಕ್ಸಲ್‌ನ ಪಕ್ಕದಲ್ಲೇ ಫ್ರೇಮಿನಲ್ಲಿ ಮರೆಯಿರುವ ಬೇರೆ ತೂತುಗಳು ಬೇಕು. ಅಲ್ಲಿ 5 ಮಿ.ಮೀ. ಬೋಲ್ಟುಗಳನ್ನು ಬಳಸುವುದು ವಾಡಿಕೆ. ಡಿಸ್ಕ್ ಬ್ರೇಕಿನ ಕ್ಯಾಲಿಪರ್‌ಗೆ ಕಾಲು ತಾಗುವಂತಿದ್ದರೆ ನಡುವೆ ತುಂಡು ಕೊಳವೆ ಇಟ್ಟು ಹೊರಕ್ಕೆ ಸರಿಸಬೇಕು, ಅಥವಾ ಡಿಸ್ಕಿಗೆಂದೇ ಅಗಲವಾಗಿ ಮಾಡಿದ ಕ್ಯಾರಿಯರ್ ತರಬೇಕು. ತುಂಡು ಉದ್ದವಾದಷ್ಟೂ ಬೋಲ್ಟು ಬಾಗುವ ಅಪಾಯ ಹೆಚ್ಚು. ಬೋಲ್ಟು ಅಲುಗಾಟಕ್ಕೆ ಸಡಿಲವಾಗದಂತೆ ಲಾಕ್‌ನಟ್ಟು ಅಥವಾ ಮರೆಯ ಅಂಟು ಬೇಕು. ಹೊರೆಯನ್ನು ಆಕ್ಸಲ್‌ಗಿಂತ ಹಿಂದಕ್ಕೆ ತಳ್ಳಿದರೆ ಮುಂದಿನ ಚಕ್ರ ಹಗುರವಾಗಿ ಹಿಡಿತ ತಪ್ಪುತ್ತದೆ. ತೀರಾ ಮುಂದಕ್ಕೆ ತಂದರೆ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. ಹಿಂದೆ ಶಾಕ್ ಇರುವ ಬೈಕಿನಲ್ಲಿ ಕ್ಯಾರಿಯರ್‌ನ ಒಂದು ತುದಿಯನ್ನು ಕುಣಿಯುವ ಭಾಗಕ್ಕೂ ಇನ್ನೊಂದನ್ನು ಕುಣಿಯದ ಭಾಗಕ್ಕೂ ಬಿಗಿದರೆ ಅದು ಮುರಿಯುವುದು ಖಚಿತ. ಸೀಟಿನ ಕಂಬಕ್ಕಷ್ಟೇ ಬಿಗಿಯುವ ಕ್ಯಾರಿಯರ್‌ಗೆ ಕಾಲೇ ಇಲ್ಲ, ಅದು ಹಗುರ ಚೀಲಕ್ಕೆ ಮಾತ್ರ.

ಹೊರೆ ಆಕ್ಸಲ್‌ಗಿಂತ ಹಿಂದೆ ಬೀಳುವ ತೊಡಕನ್ನು ಫ್ರೇಮಿನ ವಿನ್ಯಾಸದಲ್ಲೇ ಬಿಡಿಸಿದವರೂ ಇದ್ದಾರೆ. 1998ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಎಕ್ಸ್‌ಟ್ರಾಸೈಕಲ್ ಕಂಪನಿ ಹಿಂದಿನ ಚಕ್ರವನ್ನೇ ಹಿಂದಕ್ಕೆ ಸರಿಸಿ, ಹೊರೆ ಎರಡು ಆಕ್ಸಲ್‌ಗಳ ನಡುವೆ ಬರುವಂತೆ ಮಾಡಿತು. ವಿಯೆಟ್ನಾಮಿನ ಬಿದಿರು ಕಟ್ಟಿದ ಸೈಕಲ್ಲು ಪಾಲಿಸಿದ್ದೂ ಅದೇ ನಿಯಮ. ಇಂದು ಮಕ್ಕಳನ್ನೂ ದಿನಸಿಯನ್ನೂ ಹೊರುವ ಉದ್ದಬಾಲದ ಇ-ಬೈಕುಗಳೆಲ್ಲ ಈ ದಾರಿಯವು, ಅವುಗಳಲ್ಲಿ ಕ್ಯಾರಿಯರ್ ಫ್ರೇಮಿನದೇ ಅಂಗ. ಬೆಂಗಳೂರಿನಲ್ಲಿ 2017ರಲ್ಲಿ ಹುಟ್ಟಿದ ಯುಲು ಕಂಪನಿ ಮನೆಮನೆಗೆ ಸರಕು ಮುಟ್ಟಿಸುವವರಿಗಾಗಿ ಹಿಂದೆ ಕ್ಯಾರಿಯರ್ ಇರುವ ‘ಡೆಕ್ಸ್’ ಎಂಬ ವಿದ್ಯುತ್ ವಾಹನವನ್ನು ಬಾಡಿಗೆಗೆ ಕೊಡುತ್ತಿದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿರುವ ಬ್ಯಾಟರಿ ವಾಹನಕ್ಕೆ ಭಾರತದಲ್ಲಿ ನೋಂದಣಿ ಬೇಕಿಲ್ಲದ ಕಾರಣ, ಒಂದು ಕಾಲದಲ್ಲಿ ಮೊಪೆಡ್ಡಿಗೆ ಹೋದ ಹೊರೆ ಸೈಕಲ್ಲಿಗೆ ಮರಳಲು ದಾರಿ ತೆರೆದಿದೆ. ಆ ದಾರಿಯಲ್ಲಿ ಸಾಗುವವರ ಸುರಕ್ಷತೆಗಾಗಿ, ಇಲ್ಲಿ ಮಾರುವ ಪ್ರತಿ ಇ-ಬೈಕಿನ ಹಿಂಬದಿ ಫ್ರೇಮಿನಲ್ಲೂ ಕ್ಯಾರಿಯರ್‌ಗೆ ಆಕ್ಸಲ್‌ನಿಂದ ಬೇರೆಯಾದ ಬೋಲ್ಟಿನ ತೂತುಗಳನ್ನೂ ಹೊರಬಹುದಾದ ತೂಕದ ಅಂಕಿಯನ್ನೂ ತಯಾರಕರು ಕೊಡಲೇಬೇಕು.