ನೇಕಾರನ ಕುಣಿ, ಹಾಡಿನ ಗುಟ್ಟು

ಕೋಳಿಯೊಂದು ಕೋಡಗವನ್ನು ನುಂಗಿದ ಹಾಡು ಕನ್ನಡಿಗರಲ್ಲಿ ಯಾರಿಗೆ ಗೊತ್ತಿಲ್ಲ? ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಅದಕ್ಕೆ ಕುಣಿಯುತ್ತಾರೆ, ಮದುವೆ ಮನೆಯ ವಾದ್ಯಗೋಷ್ಠಿಯಲ್ಲಿ ಅದು ಬಂದೇ ಬರುತ್ತದೆ. ಹಾಡು ಮುಗಿಯುತ್ತಿದ್ದಂತೆ ಯಾರಾದರೂ ಒಬ್ಬರು ಪಕ್ಕದವರನ್ನು ಕೇಳುತ್ತಾರೆ: ‘ಅಲ್ರಿ, ಇದರ ಒಳಗಿನ ಅರ್ಥ ಏನು?’

ಈ ಪ್ರಶ್ನೆಗೆ ಕನ್ನಡದಲ್ಲಿ ಎಂಟು ನೂರು ವರ್ಷಗಳ ವಯಸ್ಸಾಗಿದೆ.

12ನೇ ಶತಮಾನದ ಅಲ್ಲಮಪ್ರಭು ಬಳ್ಳಿಗಾವಿಯ ಕಡೆಯವನು. ಮೇಲುನೋಟಕ್ಕೆ ತಲೆಬುಡ ತಿಳಿಯದ ಅವನ ಎಷ್ಟೋ ವಚನಗಳನ್ನು ಮುಂದಿನವರು ‘ಬೆಡಗಿನ ವಚನ’ ಎಂದು ಕರೆದರು. ಬೆಡಗು ಎಂದರೆ ಬಿನ್ನಾಣವೂ ಹೌದು, ಬಚ್ಚಿಟ್ಟ ಸೊಬಗೂ ಹೌದು. ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ಅಂದರೆ 15ನೇ ಶತಮಾನಕ್ಕೆ, ಈ ಬೆಡಗನ್ನು ಬಿಡಿಸಿ ಹೇಳುವುದು ಒಂದು ವಿದ್ಯೆಯಾಗಿಯೇ ಬೆಳೆದಿತ್ತು. ವಿರಕ್ತರು ವಚನಗಳಿಗೆ ಟೀಕೆ ಬರೆದರು. ಮರ ಅಂದರೆ ಒಡಲು, ಆನೆ ಅಂದರೆ ಮದ ಎಂದು ಪದಪದಕ್ಕೂ ಬೀಗದ ಕೈ ಒದಗಿಸಿದರು.

ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬೇರೆಯೇ ಹಾದಿ ಹಿಡಿದ. ಬಿಡಿಬಿಡಿಯಾಗಿದ್ದ ವಚನಗಳನ್ನು ಶರಣರ ನಡುವಿನ ಮಾತುಕತೆಯಾಗಿ ಹೊಂದಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಈ ಮಾತು ಹೇಳಿದರು ಎಂಬುದು ಗೊತ್ತಾದರೆ ಅರ್ಧ ಗಂಟು ತಾನಾಗಿ ಸಡಿಲುತ್ತದೆ. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಇವರೂ ಮುಂದೆ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಸಂಪಾದಿಸಿದರು. ಒಂದೇ ವಚನರಾಶಿಗೆ ನಾಲ್ಕು ಶೂನ್ಯಸಂಪಾದನೆಗಳು! ಅರ್ಥ ಒಂದೇ ಸಲಕ್ಕೆ ತೀರುವುದಿಲ್ಲ ಎಂಬುದನ್ನು ಆ ಹಿರಿಯರು ಎಷ್ಟು ಸಹಜವಾಗಿ ಒಪ್ಪಿಕೊಂಡಿದ್ದರು ಎಂದು ನೆನೆದರೆ ಮನಸ್ಸು ತುಂಬುತ್ತದೆ.

ದಾಸರಲ್ಲಿ ಇಂಥ ಹಾಡಿಗೆ ‘ಮುಂಡಿಗೆ’ ಎಂದು ಹೆಸರು. ಕನಕದಾಸರ ಮುಂಡಿಗೆಗಳನ್ನು ಬಿಡಿಸಲು ಪಂಡಿತರು ಇಂದಿಗೂ ಕೂತು ತಲೆ ಕೆರೆದುಕೊಳ್ಳುತ್ತಾರೆ. ಕನಕದಾಸರ ಬಾಡ ಮತ್ತು ಕೋಡಗ ಕೋಳಿಯ ಹಾಡು ಕಟ್ಟಿದ ಷರೀಫರ ಶಿಶುನಾಳ ಎರಡೂ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಊರುಗಳು. ಒಗಟಿನ ಹಾಡು ಈ ಎರೆನೆಲದಲ್ಲಿ ಚೆನ್ನಾಗಿಯೇ ಬೇರು ಬಿಟ್ಟಿದೆ. ಗೀಗೀ ಮೇಳಗಳಲ್ಲಿ ಹರದೇಶಿಯವರು ಹಾಡಿನಲ್ಲೇ ಸವಾಲು ಹಾಕಿದರೆ ನಾಗೇಶಿಯವರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಸರಿಬಿತ್ತೋ ಇಲ್ಲವೋ ಎಂಬುದು ಕಂಬಳಿ ಹೊದ್ದು ಕೂತ ಜನರ ಮುಖದಲ್ಲೇ ಗೊತ್ತಾಗುತ್ತದೆ. ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುವ ಹೆಣ್ಣುಮಕ್ಕಳ ನಾಡು ಇದು. ಮಾತನ್ನು ಮಡಚಿ ಇಡುವುದೂ ಬಿಚ್ಚುವುದೂ ಇಲ್ಲಿ ಮನೆಮನೆಯ ಆಟ.

1819ರಲ್ಲಿ ಶಿಶುನಾಳದಲ್ಲಿ ಹುಟ್ಟಿದ ಷರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಆಮೇಲೆ ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಮೊಹರಂಗೆ ರಿವಾಯತ್ ಕಟ್ಟಿದ ಬಾಯಿಯೇ ತತ್ವಪದವನ್ನೂ ಹಾಡಿತು. 1889ರಲ್ಲಿ ಅವರು ತೀರಿಕೊಂಡ ಮೇಲೆ ಪದಗಳು ಹಾಡುವವರ ಬಾಯಲ್ಲಿ ಉಳಿದವು, ಊರಿಂದೂರಿಗೆ ಒಂದಿಷ್ಟು ಬದಲಾದವು. ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ಭಜನೆ ಕೂಡುತ್ತದೆ. ತಾಳ, ದಮ್ಮಡಿ, ಹಾರ್ಮೋನಿಯಂ ಸದ್ದು ನಿಂತ ನಡುವೆ ಹಿರಿಯರೊಬ್ಬರು ಪದದ ಗುಟ್ಟು ಬಿಚ್ಚುತ್ತಾರೆ. ಕೋಡಗ ಅಂದರೆ ಮನಸ್ಸು. ಬಸವಣ್ಣನೂ ಮನಸ್ಸನ್ನು ಮಂಗನಿಗೇ ಹೋಲಿಸಿದ್ದ. ಕೋಳಿ ಅಂದರೆ ಬೆಳಗು ಸಾರುವ ಅರಿವು. ಅರಿವು ಮೂಡಿದಾಗ ಚಂಚಲ ಮನಸ್ಸು ಅದರೊಳಗೆ ಅಡಗಿತು. ಕೋಳಿಗೆ ಬೇರೆ ಅರ್ಥ ಹೇಳುವವರೂ ಇದ್ದಾರೆ, ಅವರನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ.

ಈ ವಿವರಣೆ ಚೆನ್ನಾಗಿದೆ. ಆದರೆ ಹಾಡಿನ ಉಳಿದ ನುಡಿಗಳನ್ನು ಸ್ವಲ್ಪ ಹತ್ತಿರ ಹೋಗಿ ನೋಡಬೇಕು.

ಆಡು ಆನೆಯನ್ನು ನುಂಗುವುದು ಎಲ್ಲಿಯೂ ಆಗದ ಮಾತು, ನಿಜ. ಗೋಡೆ ಸುಣ್ಣವನ್ನು ನುಂಗುವುದು? ಹಬ್ಬಕ್ಕೆ ಮಣ್ಣಿನ ಗೋಡೆಗೆ ಸುಣ್ಣ ಬಳಿದವರಿಗೆ ಗೊತ್ತು: ಮೊದಲ ಸಲ ಬಳಿದದ್ದು ಬಳಿದಂತೆಯೇ ಹೀರಿಹೋಗುತ್ತದೆ. ಒರಳಿನೊಳಗೆ ಒನಕೆ ಇಳಿಯುತ್ತದೆ. ಬೀಸುಕಲ್ಲಿನ ತೂತು ತನ್ನ ಗೂಟವನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಇವೆಲ್ಲ ದಿನಬೆಳಗಾದರೆ ಕಣ್ಣೆದುರು ನಡೆಯುವ ನುಂಗಾಟಗಳು. ಷರೀಫರು ಆಗದ ಸಂಗತಿಯನ್ನೂ ಆಗುತ್ತಲೇ ಇರುವ ಸಂಗತಿಯನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿ ಕೂರಿಸಿದ್ದಾರೆ. ಹಳ್ಳಿಯ ಕೇಳುಗ ಮೊದಲು ನಗುತ್ತಾನೆ, ಆಮೇಲೆ ಗೋಡೆಯ ಕಡೆ ನೋಡುತ್ತಾನೆ.

ಅದೇ ಹಾಡಿನಲ್ಲಿ ಮಗ್ಗದ ಮುಂದೆ ಕೂತವನನ್ನು ‘ಕುಣಿ’ ನುಂಗುತ್ತದೆ. ಉತ್ತರ ಕರ್ನಾಟಕದ ಕೈಮಗ್ಗಗಳಲ್ಲಿ ಕುಣಿಮಗ್ಗ ಹಳೆಯದು. ಮನೆಯ ನೆಲದಲ್ಲೇ ಒಂದು ಗುಂಡಿ ತೋಡಿರುತ್ತಾರೆ. ನೇಕಾರ ಅದರ ಅಂಚಿನಲ್ಲಿ ಕೂತು ಕಾಲುಗಳನ್ನು ಕೆಳಗೆ ಇಳಿಬಿಡುತ್ತಾನೆ. ತುಳಿಯುವ ಹಲಗೆಗಳು ಇರುವುದು ಆ ಗುಂಡಿಯಲ್ಲಿ. ಬಾಗಿಲಲ್ಲಿ ನಿಂತು ನೋಡಿದರೆ ಅವನ ಸೊಂಟದಿಂದ ಮೇಲಿನ ಭಾಗ ಮಾತ್ರ ನೆಲದ ಮೇಲೆ ಕಾಣುತ್ತದೆ. ಉಳಿದರ್ಧವನ್ನು ಕುಣಿ ನುಂಗಿರುತ್ತದೆ. ಲಾಳಿ ಅತ್ತಿಂದಿತ್ತ ಓಡುತ್ತಿರುತ್ತದೆ. ಇದನ್ನು ಕಂಡವರಿಗೆ ಟೀಕೆ ಬೇಕಿಲ್ಲ.

ಅದೇ ಸೀಮೆಯಲ್ಲಿ ಹೆಣ ಹೂಳುವ ಗುಂಡಿಗೂ ಕುಣಿ ಎಂದೇ ಹೆಸರು. ‘ಕುಣಿ ತೋಡ್ಯಾರ’ ಎಂದರೆ ಊರಿನಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕುಣಿಯಲ್ಲಿ ಕಾಲಿಟ್ಟು ದುಡಿದವನು ಕಡೆಗೆ ಇನ್ನೊಂದು ಕುಣಿಗೆ ಇಳಿಯುತ್ತಾನೆ. ಬೆಂಗಳೂರಿನ ಮಗು ಆ ಮಾತನ್ನು ‘ನೃತ್ಯ ಮಾಡು’ ಎಂದು ಕೇಳಿಸಿಕೊಂಡರೆ ತಪ್ಪು ಮಗುವಿನದಲ್ಲ. ಮಗ್ಗ ಕಣ್ಣಿಂದ ಮರೆಯಾದಾಗ ಹಾಡಿನ ಒಂದು ಅರ್ಥವೂ ಅದರೊಂದಿಗೇ ಹೋಯಿತು. ವೇದಾಂತದ ನಿಘಂಟು ಹಿಡಿದು ಕೂತವರು ಒರಳು, ಮಗ್ಗ, ನೇಗಿಲ ಮೇಳಿಗಳನ್ನು ದಾಟಿ ನೇರವಾಗಿ ಆತ್ಮ ಪರಮಾತ್ಮಕ್ಕೆ ಜಿಗಿದುಬಿಡುತ್ತಾರೆ. ಷರೀಫರ ಪದಗಳಿಗೆ ಆಗುವ ಅನ್ಯಾಯಗಳಲ್ಲಿ ಇದೇ ದೊಡ್ಡದು.

ಮಾಳಿಗೆ ಸೋರುವ ಹಾಡಿನದೂ ಇದೇ ಕಥೆ. ಸೋರಿಕೆಗೆ ಅಜ್ಞಾನ ಕಾರಣ ಎಂದು ಕವಿಯೇ ಪಲ್ಲವಿಯಲ್ಲಿ ಹೇಳಿಬಿಡುವುದರಿಂದ ಬಿಡಿಸಲು ಏನೂ ಉಳಿದಿಲ್ಲ ಎನಿಸಬಹುದು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಮಾತ್ರ ಇನ್ನಷ್ಟು ಕೇಳಿಸುತ್ತದೆ. ಮಳೆಗೆ ಮೊದಲೇ ಮೇಲೇರಿ ಹೊಸ ಮಣ್ಣು ಹಾಕಿ ತುಳಿಯಬೇಕು, ಬಿರುಕು ಮುಚ್ಚಬೇಕು. ಬೇಸಿಗೆಯಲ್ಲಿ ಸೋಮಾರಿಯಾದವನು ಆಷಾಢದ ನಡುರಾತ್ರಿ ಹನಿ ಬೀಳುವಲ್ಲಿಗೆ ಪಾತ್ರೆ ಹಿಡಿದು ಓಡಾಡುತ್ತಾನೆ. ಅಜ್ಞಾನ ಎಂಬ ದೊಡ್ಡ ಮಾತಿಗೆ ಆ ಒದ್ದೆ ಹಾಸಿಗೆಯ ಚಳಿ ಸೇರಿಕೊಳ್ಳುವುದು ಹೀಗೆ.

ಸಿ. ಅಶ್ವಥ್ ಅವರ ಕಂಠದಿಂದ ಈ ಪದಗಳು ಕ್ಯಾಸೆಟ್ಟಿಗೆ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಂತು. ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಅಶ್ವಥ್ ಅವರದು. ಧಾರವಾಡ ಸೀಮೆಯ ಭಜನೆಯ ಪದಗಳು ಮೈಸೂರು, ಮಂಗಳೂರುಗಳ ಅಡುಗೆಮನೆಯನ್ನೂ ಹೊಕ್ಕವು. ಚಿತ್ರದಲ್ಲಿ ಪ್ರತಿ ಹಾಡಿಗೂ ಒಂದು ಸಂದರ್ಭ ಬೇಕಲ್ಲ? ಶೂನ್ಯಸಂಪಾದನೆ ಮಾಡಿದ ಕೆಲಸವನ್ನು ತೆರೆ ಇನ್ನೊಮ್ಮೆ ಮಾಡಿತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಮಾಳಿಗೆಯ ಪದವನ್ನೂ ಗುಡುಗುಡಿಯ ಪದವನ್ನೂ ಗಿಟಾರಿಗೆ ಕೂರಿಸಿದರು. ಕನ್ನಡ ಬಾರದವರೂ ಅದನ್ನು ಕೇಳಿ ತಲೆದೂಗಿದರು.

ದನಿ ದೂರ ಹೋಯಿತು, ಅದು ಸಂತೋಷದ ಸಂಗತಿ. ಆದರೆ ಕ್ಯಾಸೆಟ್ಟಿನಲ್ಲಿ ತಾಳ ನಿಲ್ಲಿಸಿ ಗುಟ್ಟು ಬಿಚ್ಚುವ ಅಜ್ಜನಿಲ್ಲ. ‘ಹಂಗಲ್ಲ, ಹಿಂಗ’ ಎಂದು ಮೂಲೆಯಿಂದ ತಗಾದೆ ತೆಗೆಯುವವನೂ ಇಲ್ಲ. ಹಾವೇರಿ, ಗದಗ ಸೀಮೆಯ ಭಜನಾ ಮೇಳಗಳಲ್ಲಿ ಆ ಇಬ್ಬರೂ ಇನ್ನೂ ಸಿಗುತ್ತಾರೆ. ಅಲ್ಲಿ ಕೋಡಗದ ಪದ ಬಂದರೆ ಕೋಳಿಯ ಅರ್ಥದ ಬಗ್ಗೆ ಜಗಳ ನಡೆಯುತ್ತದೆ, ಆನೆಯ ಬಗ್ಗೆಯೂ ನಡೆಯುತ್ತದೆ. ಗುರುವಿನ ಪಾದ ಹಾಡುಗಾರನನ್ನೇ ನುಂಗುವ ಕೊನೆಯ ನುಡಿಗೆ ಬಂದಾಗ ಮಾತ್ರ ಯಾರೂ ಅರ್ಥ ಕೇಳುವುದಿಲ್ಲ. ದಮ್ಮಡಿಯ ಲಯ ಏರುತ್ತದೆ, ಕೂತವರೆಲ್ಲ ದನಿಗೂಡಿಸುತ್ತಾರೆ.