ಬೆರಳನ್ನೇ ಕೇಳಿದ ಕತೆ

ಒಂದು ಸಣ್ಣ ಆಟ ಆಡೋಣ ಬನ್ನಿ. ನಿಮ್ಮ ಮುಂದೆ ಟೀಪಾಯಿಯಷ್ಟು ಅಗಲದ ಟಚ್ ಸ್ಕ್ರೀನ್ ಇದೆ ಅಂತಿಟ್ಕೊಳ್ಳಿ. ಅದರಲ್ಲೊಂದು ಚೌಕ. ನೋಡ್ತಾ ಇದ್ದ ಹಾಗೇ ಅದು ಮಾಯವಾಗುತ್ತೆ. ಅಳಿಸಿದ್ದು ನೀವೇ, ಹೇಗೆ ಅಳಿಸಿದಿರಿ ಅಂತ ಕೈಯಲ್ಲಿ ಮಾಡಿ ತೋರಿಸಿ ಅಂದ್ರೆ ಏನು ಮಾಡ್ತೀರಿ? ಸ್ಲೇಟು ಒರೆಸಿದ ಹಾಗೆ ಒರೆಸ್ತೀರೋ, ಗೀಟು ಎಳೀತೀರೋ, ಇಲ್ಲಾ ಮೇಜಿನ ಮೇಲಿನ ಎಂಜಲು ಬಳಿದ ಹಾಗೆ ಅಂಚಿನಾಚೆ ತಳ್ತೀರೋ?

ಇದು ನಾನು ಕಟ್ಟಿದ ಆಟ ಅಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇಕಬ್ ವಾಬ್ರಾಕ್, ಮೈಕ್ರೋಸಾಫ್ಟ್ ರಿಸರ್ಚಿನ ಮೆರೆಡಿತ್ ರಿಂಗೆಲ್ ಮಾರಿಸ್ ಮತ್ತು ಆಂಡ್ರ್ಯೂ ವಿಲ್ಸನ್ ಸೇರಿ ಮಾಡಿದ ಪ್ರಯೋಗ. 2009ರಲ್ಲಿ ಬಾಸ್ಟನ್ನಿನ ಸಮ್ಮೇಳನವೊಂದರಲ್ಲಿ ಅದನ್ನು ಮಂಡಿಸಿದರು. ಮನುಷ್ಯ-ಕಂಪ್ಯೂಟರ್ ಒಡನಾಟದ ಬಗ್ಗೆ ನಡೆಯುವ ಆ ಸಮ್ಮೇಳನದ ಹೆಸರನ್ನು ಅವರು 'ಕೈ' ಅಂತ ಉಚ್ಚರಿಸ್ತಾರೆ. ಗ್ರೀಕ್ ಅಕ್ಷರದ ಹೆಸರಂತೆ. ನಮಗಂತೂ ಬೇರೆ ವಿವರಣೆ ಬೇಕಾಗಿಲ್ಲ :-)

ಇಂಥ ಪ್ರಯೋಗದ ಬೇರು ಹುಡುಕ್ತಾ ಹೋದ್ರೆ ಟಚ್ ಸ್ಕ್ರೀನಿನ ಸುಳಿವೇ ಇಲ್ಲದ ಜಾಗಕ್ಕೆ ಬಂದು ನಿಲ್ತೀವಿ. ಆಗ ಕಂಪ್ಯೂಟರಿಗೆ ಏನು ಹೇಳಬೇಕಿದ್ದರೂ ಆಜ್ಞೆ ಟೈಪ್ ಮಾಡಬೇಕಿತ್ತು. ಆಜ್ಞೆಗಳನ್ನು ಕಟ್ಟಿದವರು ಎಂಜಿನಿಯರುಗಳು, ಬಾಯಿಪಾಠ ಮಾಡಬೇಕಾದವರು ನಾವು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಮೈಕೆಲ್ ಗುಡ್ ಮತ್ತು ಸಂಗಡಿಗರು ಇದನ್ನು ತಲೆಕೆಳಗು ಮಾಡಿದರು. ಏನೂ ಗೊತ್ತಿಲ್ಲದವರನ್ನು ಇಮೇಲ್ ತಂತ್ರಾಂಶದ ಮುಂದೆ ಕೂರಿಸಿ, ನಿಮಗೆ ತೋಚಿದ್ದನ್ನು ಟೈಪ್ ಮಾಡಿ ಅಂದರು. ಯಂತ್ರಕ್ಕೆ ಅರ್ಥವಾಗದ್ದನ್ನು ತೆರೆಮರೆಯಲ್ಲಿ ಕೂತ ಒಬ್ಬ ಮನುಷ್ಯ ಅನುವಾದ ಮಾಡಿ ಕಳಿಸ್ತಿದ್ದ! ಜನ ಟೈಪ್ ಮಾಡಿದ್ದನ್ನೆಲ್ಲ ಗಮನಿಸಿ ತಂತ್ರಾಂಶವನ್ನು ತಿದ್ದುತ್ತಾ ಹೋದರು. 1984ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಮೊದಲು ನೂರಕ್ಕೆ 7 ಆಜ್ಞೆ ಮಾತ್ರ ಅರ್ಥವಾಗ್ತಿದ್ದ ತಂತ್ರಾಂಶಕ್ಕೆ ಕೊನೆಗೆ 76 ಅರ್ಥವಾದವು. ತಿದ್ದಿಕೊಂಡದ್ದು ಯಂತ್ರ, ಜನರಲ್ಲ. ಈ ಒಂದು ವಾಕ್ಯಕ್ಕಾಗಿ ಆ ಲೇಖನದ ಮೇಲೆ ನನಗೆ ವಿಶೇಷ ಪ್ರೀತಿ.

1987ರಲ್ಲಿ ಜಾರ್ಜ್ ಫರ್ನಾಸ್ ತಂಡ ಇನ್ನೊಂದು ಕಹಿ ಸತ್ಯ ಹೇಳಿತು. ಒಂದೇ ವಸ್ತುವಿಗೆ ಹೆಸರು ಕೊಡಿ ಅಂದ್ರೆ ಇಬ್ಬರು ಒಂದೇ ಪದ ಆರಿಸುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಕಡಿಮೆ. ಪದಗಳ ಪಾಡೇ ಹೀಗಾದ್ರೆ ಬೆರಳುಗಳ ಗತಿ ಏನು ಅಂತ ಯೋಚಿಸಿ.

ಈಗ 2009ಕ್ಕೆ ಬರೋಣ. ಅವರು ಕರೆತಂದದ್ದು 20 ಮಂದಿಯನ್ನು. ಕಂಪ್ಯೂಟರ್ ಪಂಡಿತರಲ್ಲ, ವಿನ್ಯಾಸಕಾರರಲ್ಲ. ಐಫೋನ್ ಬಂದು ಎರಡು ವರ್ಷವಾಗಿದ್ದರೂ ಅಂಥದ್ದನ್ನು ಬಳಸಿದವರೂ ಅಲ್ಲ. 27 ಕೆಲಸಗಳು: ಸರಿಸು, ತಿರುಗಿಸು, ದೊಡ್ಡದು ಮಾಡು, ಅಳಿಸು, ಹೀಗೆ. ಪ್ರತಿಯೊಂದಕ್ಕೂ ಒಂದು ಕೈಯ ಸನ್ನೆ, ಎರಡು ಕೈಯ ಸನ್ನೆ. ಒಟ್ಟು 1080 ಸನ್ನೆಗಳು. ಮೊದಲು ಪರಿಣಾಮ ತೋರಿಸೋದು, ಆಮೇಲೆ ಕಾರಣ ಕೇಳೋದು. ಯಂತ್ರ ಯಾವ ಸನ್ನೆಗೂ 'ತಪ್ಪು' ಅನ್ನೋದಿಲ್ಲ. ಹಾಗಾಗಿ ಯಾರೂ ಅದನ್ನು ಮೆಚ್ಚಿಸೋಕೆ ಹೊರಡಲಿಲ್ಲ.

ಸಿಕ್ಕಿದ್ದೇನು? ಎಷ್ಟು ಬೆರಳು ಇಟ್ಟೆ ಅನ್ನೋದರ ಬಗ್ಗೆ ಜನರಿಗೆ ಖಬರೇ ಇಲ್ಲ. ಒಂದು ಬೆರಳಿಗೆ ಒಂದು ಅರ್ಥ, ಮೂರು ಬೆರಳಿಗೆ ಇನ್ನೊಂದು ಅಂತ ಎಂಜಿನಿಯರುಗಳು ಲೆಕ್ಕ ಹಾಕ್ತಾರಲ್ಲ, ಅದು ಸಾಮಾನ್ಯರ ತಲೆಗೆ ಬರೋದೇ ಇಲ್ಲ. 27ರಲ್ಲಿ 25 ಕೆಲಸಕ್ಕೆ ಒಂದೇ ಕೈ ಸಾಕು ಅಂದರು. ಅಳಿಸಬೇಕಾದ್ದನ್ನು ಪರದೆಯಾಚೆ ಎಳೆದು ಹಾಕಿದರು, ಗಾಜಿನ ಅಂಚು ಮುಗಿದ ಮೇಲೂ ಅಲ್ಲೊಂದು ನೆಲ ಇದೆಯೇನೋ ಅನ್ನೋ ಹಾಗೆ. ಒಪ್ಪಿಗೆಗೆ ಮೇಷ್ಟ್ರು ಹಾಕ್ತಾರಲ್ಲ, ಆ ರೈಟ್ ಮಾರ್ಕು. ಬೇಡ ಅನ್ನೋದಕ್ಕೆ ಇಂಟು ಮಾರ್ಕು. ಸಹಾಯ ಬೇಕಾದ್ರೆ ಪ್ರಶ್ನಾರ್ಥಕ ಚಿಹ್ನೆ.

ಇಲ್ಲಿ ಸಂಶೋಧಕರ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಆ ಮೂವರು ತಾವೂ ಒಂದು ಸನ್ನೆಗಳ ಪಟ್ಟಿ ಮಾಡಿದ್ದರು. ಜನ ಕಟ್ಟಿದ ಪಟ್ಟಿಯಲ್ಲಿ ಶೇಕಡ 61ರಷ್ಟನ್ನು ಮಾತ್ರ ಅದು ಮುಟ್ಟಿತ್ತು. ತಮ್ಮ ಊಹೆ ಸಾಲದು ಅಂತ ತಾವೇ ಅಚ್ಚು ಹಾಕಿಸಿದರು. ಮರುವರ್ಷ, 2010ರಲ್ಲಿ, ಬೇರೆ 22 ಮಂದಿಗೆ ಎರಡೂ ಬಗೆಯ ಸನ್ನೆ ತೋರಿಸಿ ಅಂಕ ಕೊಡಿಸಿದರು. ಹೆಚ್ಚು ಅಂಕ ಬಿದ್ದದ್ದು ಹೆಚ್ಚು ಜನಕ್ಕೆ ತಾನಾಗಿ ಹೊಳೆದ ಸನ್ನೆಗಳಿಗೆ. ಪಂಡಿತರದ್ದು ತೀರಾ ತೊಡಕು ಅಂತಾಯ್ತು.

ಆದರೆ ನನ್ನ ತಕರಾರು ಇರೋದು 'ಸಹಜ' ಅನ್ನೋ ಪದದ ಜೊತೆ. ಆ 1080 ಸನ್ನೆಗಳಲ್ಲಿ ನೂರಕ್ಕೆ 72ರಷ್ಟು ಬರೀ ಒಂದೇ ಬಿಂದುವನ್ನು ಮುಟ್ಟೋದು, ಎಳೆಯೋದು. ಅಂದ್ರೆ ಕೈಯಲ್ಲಿ ಇಲ್ಲದ ಮೌಸಿನ ನೆರಳು! ಕಿಟಕಿ ಮುಚ್ಚಿ ಅಂದ್ರೆ ಬಲ ಮೂಲೆಯಲ್ಲಿ ಇಲ್ಲದ ಇಂಟು ಗುರುತನ್ನು ಕೆಲವರು ಒತ್ತಿದರು. ರೈಟ್ ಮಾರ್ಕು ಬಂದದ್ದು ಇಸ್ಕೂಲಿಂದ. ಪ್ರಶ್ನಾರ್ಥಕ ಚಿಹ್ನೆ ಪುಸ್ತಕದಿಂದ. ನಮ್ಮ ಓಲೆಗರಿಗಳಲ್ಲಿ ಆ ಚಿಹ್ನೆ ಎಲ್ಲಿತ್ತು ಹೇಳಿ? ನಮ್ಮ ಚಿಕ್ಕಪ್ಪ ಮೊದಲ ಸಲ ಟ್ಯಾಬ್ಲೆಟ್ ಹಿಡಿದಾಗ ಪುಟ ತಿರುವೋಕೆ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡಿದ್ದರು. ಅವರಿಗೆ ಅದೇ ಸಹಜ. ಮಾರಿಸ್ ಮತ್ತು ಸಂಗಡಿಗರು 2014ರಲ್ಲಿ ಇದನ್ನೇ 'ಹಳೆಯ ರೂಢಿಯ ಒಲವು' ಅಂತ ಗುರುತಿಸಿ, ಅದನ್ನು ತಗ್ಗಿಸೋ ದಾರಿಗಳನ್ನೂ ಬರೆದರು. ಒಂದೇ ಸನ್ನೆಗೆ ನಿಲ್ಲಿಸದೆ ಹಲವನ್ನು ಕೇಳಿ, ಇಬ್ಬರು ಮೂವರನ್ನು ಜೊತೆಗೆ ಕೂರಿಸಿ, ಹೀಗೆ.

2011ರಲ್ಲಿ ಆಪಲ್ ತನ್ನ ಲಯನ್ ಆವೃತ್ತಿಯಲ್ಲಿ ಸ್ಕ್ರೋಲಿನ ದಿಕ್ಕನ್ನೇ ತಿರುಗಿಸಿ ಅದಕ್ಕೆ 'ನ್ಯಾಚುರಲ್' ಅಂತ ಹೆಸರಿಟ್ಟಿತು. ಹಾಗಾದ್ರೆ ಅಷ್ಟು ವರ್ಷ ಎಲ್ಲರೂ ಮಾಡ್ತಿದ್ದದ್ದು ಅಸಹಜವೇ ಸ್ವಾಮಿ?

ಇನ್ನೊಂದು ಸಂಕಟ ಇದೆ. 2009ರ ಆ 20 ಜನರಂಥವರನ್ನು ಇವತ್ತು ಎಲ್ಲಿಂದ ತರೋದು? ಮೂರು ವರ್ಷದ ಕೂಸೂ ಎರಡು ಬೆರಳು ಅಗಲಿಸಿ ಚಿತ್ರ ದೊಡ್ಡದು ಮಾಡುತ್ತೆ. ಈಗ ಅದೇ ಪ್ರಶ್ನೆ ಕೇಳಿದ್ರೆ ಫೋನ್ ಕಂಪನಿಗಳು ಕಲಿಸಿದ ಪಾಠವನ್ನೇ ಒಪ್ಪಿಸ್ತೀವಿ.

ಯಾರನ್ನು ಕೇಳ್ತೀವಿ ಅನ್ನೋದರ ಮೇಲೂ ಉತ್ತರ ನಿಂತಿದೆ. 2010ರಲ್ಲಿ ಒಂಬತ್ತು ದೇಶಗಳಲ್ಲಿ 28 ಕೆಲಸಗಳಿಗೆ ಸನ್ನೆ ಕೇಳಿದಾಗ ಬಹುಪಾಲು ಹೊಂದಿಕೆ ಕಂಡರೂ, ಚೀನಾದವರು ಮಾತ್ರ ಉಳಿದವರಿಗಿಂತ ಹೆಚ್ಚಾಗಿ ಚಿಹ್ನೆಗಳನ್ನು ಬರೆದರು. ಮರುವರ್ಷ ಶಾನ್ ಕೇನ್, ವಾಬ್ರಾಕ್ ಮತ್ತು ರಿಚರ್ಡ್ ಲ್ಯಾಡ್ನರ್ ಇದೇ ಪ್ರಶ್ನೆಯನ್ನು ಕಣ್ಣು ಕಾಣದ 10 ಮಂದಿಗೂ ಕಣ್ಣಿರುವ 10 ಮಂದಿಗೂ ಕೇಳಿದರು. ಕಾಣದವರ ಬೆರಳು ಹುಡುಕಿಕೊಂಡು ಹೋದದ್ದು ಪರದೆಯ ಅಂಚು, ಮೂಲೆಗಳನ್ನು. ಅವು ಕೈಗೆ ಸಿಗುತ್ತವಲ್ಲ, ಅದಕ್ಕೆ. ಹೆಚ್ಚು ಬೆರಳುಗಳನ್ನೂ ಬಳಸಿದರು. ಮುದ್ರಣದ ಅಕ್ಷರ, ಚಿಹ್ನೆಗಳನ್ನು ಸನ್ನೆಯಾಗಿ ಇಡಬೇಡಿ ಅಂತ ಆ ಮೂವರು ವಿನ್ಯಾಸಕಾರರಿಗೆ ಸಲಹೆ ಕೊಟ್ಟರು, ಯಾಕಂದ್ರೆ ಬ್ರೈಲ್ ಓದಿ ಬೆಳೆದ ಹಲವರಿಗೆ ಅವುಗಳ ಆಕಾರವೇ ಗೊತ್ತಿರೋದಿಲ್ಲ. ಎರಡು ವರ್ಷದ ಹಿಂದಷ್ಟೇ ಸಹಾಯ ಕೇಳೋ ಸನ್ನೆ ಅಂತ ಪಟ್ಟಿ ಸೇರಿದ್ದ ಪ್ರಶ್ನಾರ್ಥಕ ಚಿಹ್ನೆಗೂ ಈ ಮಾತು ಅನ್ವಯ.